ಅರಿಗತೋ

ಜಪಾನೀ ಭಾಷೆಯ ನಿತ್ಯಸಂಭಾಷಣೆಯನ್ನು ಅಭ್ಯಸಿಸತೊಡಗುವವರು ಮೊದಮೊದಲಲ್ಲಿಯೇ ಕಲಿಯುವ ‘ಅರಿಗತೋ’ ಎಂಬ ಕೃತಜ್ಞತಾಸೂಚಕ ಪದವು, ‘ಇರುವಿಕೆ’ ಎಂಬರ್ಥದ ‘ಅರಿ’, ‘ಕಷ್ಟ’ವೆಂಬರ್ಥದ ‘ಕತಶಿ’ ಎಂಬಿವೆರಡೂ ಕೂಡಿ ಆದ ‘ಅರಿಗತಶಿ’ ಎಂಬ ಪ್ರಾಚೀನ ರೂಪದಿಂದ ಬಂದುದು. ನಮ್ಮ ‘ಮಳೆಗಾಲ’ದಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿ ಬರುವಂತೆಯೇ ಇಲ್ಲಿಯೂ ಉತ್ತರಪದದ ಆದಿವ್ಯಂಜನವು ಮಾರ್ಪಟ್ಟಿದೆ.

ಇದರ ಮೂಲಾರ್ಥವು ‘ದುರ್ಲಭ’ವೆಂದು. ಕ್ರಿ.ಶ. 1000ದ ಸುಮಾರಿನಲ್ಲಿ ಜಪಾನಿನ ರಾಣಿವಾಸದಲ್ಲಿದ್ದ ಲೇಖಕಿ ಸೇಯಿ ಶೋನಗೊನ್ ತನ್ನ ‘ಮಕುರ ನೊ ಸೋಶಿ’ಯಲ್ಲಿ, ಅತ್ತೆಯ ಪ್ರೀತಿಗೆ ಪಾತ್ರಳಾದ ಸೊಸೆಯನ್ನೂ ಸೇರಿಸಿ, ಲೋಕದಲ್ಲಿ ಅಪರೂಪವಾದುವನ್ನು ಎಣಿಸುವಾಗ ಈ ಪದವನ್ನು ಆ ಅರ್ಥದಲ್ಲಿಯೇ ಪ್ರಯೋಗಿಸಿದ್ದಾಳೆ. ಪೋರ್ಚುಗೀಸರ ‘ಒಬ್ರಿಗಾದೊ’ವಿನಿಂದ ಇದು ಹುಟ್ಟಿತೆಂಬ ಜನಜನಿತವಾದ ಊಹೆಯು, ಅವರು 1543ರಲ್ಲಿ ಜಪಾನನ್ನು ಮುಟ್ಟುವುದಕ್ಕೆ ಶತಮಾನಗಳ ಹಿಂದೆಯೇ ಪದವು ಬಳಕೆಯಲ್ಲಿದ್ದುದರಿಂದ, ನಿರಾಧಾರವಾದುದು.

ಸ್ನೇಹಿತರಲ್ಲಿ ‘ಅರಿಗತೋ’ ಎಂದರೆ ಸಾಕು. ಹಿರಿಯರೊಡನೆ, ಅಪರಿಚಿತರೊಡನೆ ‘ಅರಿಗತೋ ಗೊಝಾಯ್‌ಮಸ್’ ಎನ್ನುವುದೇ ಮರ್ಯಾದೆ. ಪಡೆದು ಮುಗಿದ ಉಪಕಾರಕ್ಕಾದರೆ ‘ಗೊಝಾಯ್‌ಮಶಿತ’ ಎಂಬ ಭೂತಕಾಲದ ರೂಪವುಂಟು. ಕಲಿಯುವವರು ‘ಗ’ವನ್ನು ಎಳೆಯದೆ, ಕೊನೆಯ ಓಕಾರವನ್ನು ಮಾತ್ರ ದೀರ್ಘವಾಗಿ ಉಚ್ಚರಿಸತಕ್ಕದ್ದು.