ನೀರು ದಾಟಿದವರ ಹಾಡು: ಒಂದು ಮೆಂಡೆ ಗೀತೆಯ ಐತಿಹಾಸಿಕ ವಿವೇಚನೆ

ಅಟ್ಲಾಂಟಿಕ್ ಸಾಗರದ ಗುಲಾಮರ ವ್ಯಾಪಾರವನ್ನು ಕುರಿತು ಬರೆಯಹೊರಟವರಿಗೆ ದಾಖಲೆಗಳ ಕೊರತೆಯಿಲ್ಲ. ಹಡಗಿನ ಲೆಕ್ಕದ ಪುಸ್ತಕಗಳು, ಸುಂಕದ ಕಡತಗಳು, ವಿಮೆಯ ಪತ್ರಗಳು, ಹರಾಜಿನ ಜಾಹೀರಾತುಗಳು ಹೇರಳವಾಗಿ ಉಳಿದುಬಂದಿವೆ. ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಸುಮಾರು 1 ಕೋಟಿ 25 ಲಕ್ಷ ಜನರನ್ನು ಆಫ್ರಿಕದ ತೀರದಲ್ಲಿ ಹಡಗು ಹತ್ತಿಸಲಾಯಿತೆಂದೂ, ಅವರಲ್ಲಿ ಸುಮಾರು 1 ಕೋಟಿ 7 ಲಕ್ಷ ಜನ ಮಾತ್ರ ಜೀವಸಹಿತ ಆಚೆಯ ನೆಲವನ್ನು ಮುಟ್ಟಿದರೆಂದೂ ವಿದ್ವಾಂಸರು ಇವುಗಳ ಬಲದಿಂದಲೇ ಲೆಕ್ಕಹಾಕಿದ್ದಾರೆ. ಆದರೆ ಈ ದಾಖಲೆಗಳೆಲ್ಲ ಮಾರಿದವರು ಮತ್ತು ಕೊಂಡವರು ಬರೆದಿಟ್ಟವು. ಅವುಗಳಲ್ಲಿ ತಲೆಗಳ ಎಣಿಕೆಯುಂಟು, ಬೆಲೆಯುಂಟು. ಹೆಸರಿಲ್ಲ, ಊರಿಲ್ಲ, ಭಾಷೆಯಿಲ್ಲ. ಹೋದವರು ತಮ್ಮನ್ನು ತಾವು ಏನೆಂದು ತಿಳಿದಿದ್ದರು, ಹಿಂದಿರುಗುವ ಮಾತನ್ನು ಹೇಗೆ ಆಡಿಕೊಂಡರು ಎಂಬುದನ್ನು ಅರಿಯಬೇಕಾದರೆ ಬಾಯಿಂದ ಬಾಯಿಗೆ ಬಂದ ಪದ್ಯವನ್ನೇ ಆಶ್ರಯಿಸಬೇಕಾಗುತ್ತದೆ. ಅಂಥ ಒಂದು ಹಾಡನ್ನು ನಾವು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಅದು ಕೇವಲ ಐದು ಸಾಲಿನದು.

ಹಾಡು ದೊರೆತ ನೆಲದ ಪರಿಚಯವನ್ನು ಮೊದಲು ಮಾಡಿಕೊಳ್ಳಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಕೆರೊಲೈನ ಮತ್ತು ಜಾರ್ಜಿಯ ರಾಜ್ಯಗಳ ಕರಾವಳಿಯಲ್ಲಿ ಜೌಗುನೆಲದಿಂದ ಸುತ್ತುವರಿದ ದ್ವೀಪಗಳ ಸಾಲೊಂದಿದೆ. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿಯ ಜಮೀನುದಾರರ ಐಶ್ವರ್ಯಕ್ಕೆ ಮೂಲವಾದದ್ದು ಬತ್ತದ ಬೇಸಾಯ. ಉಬ್ಬರವಿಳಿತದ ನೀರನ್ನು ಕಟ್ಟಿ ಗದ್ದೆಗೆ ಹಾಯಿಸುವ ಈ ಬೇಸಾಯದ ಪಳಗಿದ ಕೈಗಳು ಪಶ್ಚಿಮ ಆಫ್ರಿಕದ ಬತ್ತದ ತೀರದಲ್ಲಿದ್ದುವು. ಆದುದರಿಂದಲೇ ಅಲ್ಲಿಂದ ತಂದವರನ್ನು ಚಾರ್ಲ್‌ಸ್ಟನ್ ಪೇಟೆಯಲ್ಲಿ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಿದ್ದರು. ಸಿಯೆರಾ ಲಿಯೋನ್ ನದಿಯ ಬನ್ಸ್ ದ್ವೀಪದ ಕೋಟೆ ಈ ವ್ಯಾಪಾರದ ಒಂದು ಮುಖ್ಯ ಠಾಣೆ. ಅದರ ಒಡೆತನದಲ್ಲಿ ಪ್ರಧಾನನಾಗಿದ್ದವನು ಲಂಡನ್ನಿನ ರಿಚರ್ಡ್ ಆಸ್ವಾಲ್ಡ್. ಚಾರ್ಲ್‌ಸ್ಟನ್ನಿನಲ್ಲಿ ಅವನ ಮುಖ್ಯ ದಲ್ಲಾಳಿ ಹೆನ್ರಿ ಲಾರೆನ್ಸ್. 1782ರಲ್ಲಿ ಅಮೆರಿಕದ ಸ್ವಾತಂತ್ರ್ಯವನ್ನು ಒಪ್ಪಿಕೊಂಡ ಪ್ರಾಥಮಿಕ ಸಂಧಿಪತ್ರಕ್ಕೆ ಪ್ಯಾರಿಸಿನಲ್ಲಿ ಬ್ರಿಟನ್ನಿನ ಪರವಾಗಿ ಸಹಿಮಾಡಿದವನು ಇದೇ ಆಸ್ವಾಲ್ಡ್. ಎದುರು ಪಕ್ಷದವರಲ್ಲಿ ಒಬ್ಬನಾಗಿ ಸಹಿಮಾಡಿದವನು ಇದೇ ಲಾರೆನ್ಸ್. ಮಾನವರ ಸ್ವಾತಂತ್ರ್ಯದ ಇತಿಹಾಸವನ್ನು ಬೋಧಿಸುವಾಗ ನಾವು ಈ ಸಂಗತಿಯನ್ನು ವಿದ್ಯಾರ್ಥಿಗಳಿಗೆ ಹೇಳುವುದು ಅಪರೂಪ.

ಬತ್ತದ ಗದ್ದೆಗಳಲ್ಲಿ ಮಲೇರಿಯ ಹೆಚ್ಚು. ಬೇಸಗೆ ಬಂತೆಂದರೆ ಬಿಳಿಯ ಒಡೆಯರು ಊರು ಬಿಡುತ್ತಿದ್ದರು. ದ್ವೀಪಗಳಲ್ಲಿ ಆಫ್ರಿಕದವರೇ ಬಹುಸಂಖ್ಯಾತರಾಗಿ, ಹೊರಗಿನ ಸಂಪರ್ಕ ಕಡಿಮೆಯಾಗಿ, ಅವರ ನಡುವೆ ಗಲ್ಲಾ ಎಂಬ ಭಾಷೆಯೊಂದು ರೂಪುಗೊಂಡಿತು. ಜಾರ್ಜಿಯದಲ್ಲಿ ಇದಕ್ಕೆ ಗೀಚಿ ಎಂಬ ಹೆಸರೂ ಉಂಟು. ಇಂಗ್ಲಿಷಿನ ಶಬ್ದಗಳೇ ಹೆಚ್ಚಾಗಿರುವ ಈ ನುಡಿಯನ್ನು ಬಹುಕಾಲ ವಿದ್ವಾಂಸರು ಇಂಗ್ಲೆಂಡಿನ ಹಳ್ಳಿಗರ ಹಳೆಯ ಮಾತಿನ ಅಪಭ್ರಂಶವೆಂದು ತಳ್ಳಿಹಾಕಿದರು. ಆಫ್ರಿಕದಿಂದ ಬಂದವರು ಬರಿಗೈಯವರಾಗಿ ಮಾತ್ರವಲ್ಲ, ಬರಿಬಾಯವರಾಗಿಯೂ ಬಂದರೆಂಬುದು ಈ ಮತದ ಒಳಗಿನ ಅರ್ಥ.

ಈ ಮತವನ್ನು ಬುಡಮೇಲು ಮಾಡಿದವರು ಲೊರೆಂಜೊ ಡೌ ಟರ್ನರ್ (1890–1972). ತಾವೂ ಆಫ್ರಿಕ ಮೂಲದ ಅಮೆರಿಕನರಾದ ಇವರು 1929ರಲ್ಲಿ ದಕ್ಷಿಣ ಕೆರೊಲೈನದ ಒಂದು ಕಾಲೇಜಿನಲ್ಲಿ ಬೇಸಗೆಯ ಪಾಠಕ್ಕೆ ಹೋಗಿದ್ದಾಗ ಗಲ್ಲಾ ಮಾತನಾಡುವ ವಿದ್ಯಾರ್ಥಿಗಳನ್ನು ಕಂಡರು. ಆಮೇಲೆ ಧ್ವನಿಮುದ್ರಣ ಯಂತ್ರವನ್ನು ಹೊತ್ತು ದ್ವೀಪದಿಂದ ದ್ವೀಪಕ್ಕೆ ಅಲೆದರು. ಲಂಡನ್ನಿಗೆ ಹೋಗಿ ಪಶ್ಚಿಮ ಆಫ್ರಿಕದ ಭಾಷೆಗಳನ್ನು ಅಭ್ಯಾಸಮಾಡಿದರು. 1949ರಲ್ಲಿ ಹೊರಬಂದ ಅವರ ಗ್ರಂಥದಲ್ಲಿ ಆಫ್ರಿಕ ಮೂಲದ ಸಾವಿರಾರು ಶಬ್ದಗಳ ಪಟ್ಟಿಯಿದೆ. ಅವುಗಳಲ್ಲಿ ಬಹುಪಾಲು ವ್ಯಕ್ತಿನಾಮಗಳೆಂಬುದು ಗಮನಾರ್ಹ. ಗಲ್ಲಾ ಜನರಲ್ಲಿ ಮಗುವಿಗೆ ಎರಡು ಹೆಸರು: ಶಾಲೆಗೂ ಅಪರಿಚಿತರಿಗೂ ಹೇಳುವ ಇಂಗ್ಲಿಷ್ ಹೆಸರೊಂದು, ಮನೆಯವರು ಕರೆಯುವ ಹೆಸರೊಂದು. ಈ ಎರಡನೆಯದನ್ನು ಅವರು 'ಬುಟ್ಟಿಯ ಹೆಸರು' ಎನ್ನುತ್ತಾರೆ. ಹಿಂದಿನ ಸಂಶೋಧಕರಿಗೆ ಈ ಹೆಸರುಗಳು ಸಿಕ್ಕಿರಲಿಲ್ಲ. ಹೊರಗಿನವರಿಗೆ ಅವನ್ನು ಹೇಳುವ ವಾಡಿಕೆಯೇ ಇರಲಿಲ್ಲ. ಹಡಗಿನ ಪುಸ್ತಕವು ಅಳಿಸಿದ ಹೆಸರು ಮನೆಯ ಒಳಗೆ ಹೀಗೆ ಉಳಿದಿತ್ತು.

ಟರ್ನರರು 1930ರ ದಶಕದ ಆರಂಭದಲ್ಲಿ ಜಾರ್ಜಿಯದ ಹ್ಯಾರಿಸ್ ನೆಕ್ ಎಂಬ ಕಡಲಂಚಿನ ಹಳ್ಳಿಯಲ್ಲಿ ಅಮೀಲಿಯ ಡಾಲೆ ಎಂಬ ಹೆಂಗಸಿನ ಬಾಯಿಂದ ನಮ್ಮ ಹಾಡನ್ನು ಮುದ್ರಿಸಿಕೊಂಡರು. ಆಕೆ ಅದನ್ನು ತನ್ನ ಮನೆಯ ಹಿರಿಯ ಹೆಂಗಸರಿಂದ ಕಲಿತಿದ್ದರು. ಅದರ ಒಂದು ಮಾತಿನ ಅರ್ಥವೂ ಅವರಿಗೆ ತಿಳಿದಿರಲಿಲ್ಲ. ಅಮೆರಿಕದಲ್ಲಿ ಓದುತ್ತಿದ್ದ ಸಿಯೆರಾ ಲಿಯೋನಿನ ವಿದ್ಯಾರ್ಥಿಯೊಬ್ಬರಿಗೆ ಇದನ್ನು ಕೇಳಿಸಿದಾಗ ಅವರು ಅದು ತಮ್ಮ ದೇಶದ ಮೆಂಡೆ ಭಾಷೆಯೆಂದು ಗುರುತಿಸಿದರು. ಅಮೆರಿಕದ ಕರಿಯ ಕುಟುಂಬವೊಂದರಲ್ಲಿ ಉಳಿದುಬಂದ ಆಫ್ರಿಕ ಭಾಷೆಯ ಪಾಠಗಳಲ್ಲಿ ಇಷ್ಟು ದೀರ್ಘವಾದದ್ದು ಬೇರೊಂದು ಪ್ರಾಯಃ ಇಲ್ಲ. ಹಾಡು ಟರ್ನರರ ಗ್ರಂಥದಲ್ಲಿ ಅಚ್ಚಾಯಿತು. ಅಮೀಲಿಯ 1955ರಲ್ಲಿ ತೀರಿಕೊಂಡರು. ಅಲ್ಲಿಗೆ ವಿಷಯ ಸುಮಾರು ಮೂರೂವರೆ ದಶಕ ನಿಂತುಹೋಯಿತು.

ಅದನ್ನು ಮತ್ತೆ ಕೈಗೆತ್ತಿಕೊಂಡವರು ಮೂವರು. ಸಿಯೆರಾ ಲಿಯೋನಿನಲ್ಲಿದ್ದು ಬನ್ಸ್ ದ್ವೀಪದ ಇತಿಹಾಸವನ್ನು ಶೋಧಿಸುತ್ತಿದ್ದ ಮಾನವಶಾಸ್ತ್ರಜ್ಞ ಜೋಸೆಫ್ ಒಪಾಲ, ಜನಪದ ಸಂಗೀತದ ವಿದುಷಿ ಸಿಂತಿಯ ಶ್ಮಿತ್, ಮೆಂಡೆ ಭಾಷಾವಿಜ್ಞಾನಿ ತಾಜಿಯೆಫ್ ಕೊರೊಮ. ಹಾಡಿನ ಒಂದು ಶಬ್ದವು ಮೆಂಡೆ ಭಾಷೆಯ ದಕ್ಷಿಣದ ಉಪಭಾಷೆಗೆ ಮಾತ್ರ ಸೇರಿದ್ದೆಂಬುದನ್ನು ಕೊರೊಮರು ಗುರುತಿಸಿದರು. ಅಕ್ಷರದ ತಿರುವನ್ನು ನೋಡಿ ಶಾಸನದ ಕಾಲವನ್ನು ನಿರ್ಣಯಿಸುವ ಕ್ರಮ ನಮ್ಮ ಓದುಗರಿಗೆ ಪರಿಚಿತವಾದದ್ದು. ಇಲ್ಲಿ ಒಂದು ಶಬ್ದದ ರೂಪವು ಕಾಲವನ್ನಲ್ಲ, ನೆಲವನ್ನು ತೋರಿಸಿತು. ಶ್ಮಿತ್‌ರವರು ಆ ಪ್ರಾಂತದ ಹಳ್ಳಿಗಳಲ್ಲಿ ಅಮೀಲಿಯರ ಧ್ವನಿಯನ್ನು ಕೇಳಿಸುತ್ತ ನಡೆದರು. ಸೆನೆಹುನ್ ಎನ್ಗೋಲ ಎಂಬ ಹಳ್ಳಿಯಲ್ಲಿ ಬೆಂದು ಜಬಾಟಿ ಎಂಬ ಹೆಂಗಸು ಮುದ್ರಿಕೆಯನ್ನು ಕೇಳಿ, ಬಹುಮಟ್ಟಿಗೆ ಅದೇ ಹಾಡನ್ನು ತಾನೇ ಹಾಡಿದರು.

ಬೆಂದುರವರಿಗೆ ಹಾಡಿನ ಅರ್ಥ ಮಾತ್ರವಲ್ಲ, ಸಂದರ್ಭವೂ ತಿಳಿದಿತ್ತು. ಅದು ಸಾವಿನ ಹಾಡು. ಬಂಧುಗಳನ್ನು ಕೂಡಿಕೊಳ್ಳಲು ಕರೆದು ಸಮಾಧಿಯ ಬಳಿ ಹೆಂಗಸರು ಹಾಡತಕ್ಕದ್ದು. ಸತ್ತವರ ಆತ್ಮ ಪಿತೃಗಳ ನಾಡನ್ನು ಸೇರಲು ಒಂದು ನೀರನ್ನು ದಾಟಬೇಕೆಂಬುದು ಮೆಂಡೆ ಜನರ ಹಳೆಯ ನಂಬಿಕೆ. ಆ ಕರ್ಮಕ್ಕೆ 'ನೀರು ದಾಟಿಸುವುದು' ಎಂಬರ್ಥದ ಹೆಸರೇ ಉಂಟು. ಬೆಂದುರವರ ಕಾಲಕ್ಕೆ ಊರಿನಲ್ಲಿ ಹಳೆಯ ವಿಧಿಗಳು ಹಿಂದೆ ಸರಿದಿದ್ದುವು. ಆದರೂ ಅವರ ಅಜ್ಜಿ ಹಾಡನ್ನು ಬಿಡಗೊಡಲಿಲ್ಲ. ಎಂದಾದರೂ ಕಾಣೆಯಾದ ಬಳಗದವರು ಹಿಂದಿರುಗಿ ಬಂದರೆ ಅವರನ್ನು ಗುರುತಿಸುವುದಕ್ಕೆ ಈ ಹಾಡೇ ಸಾಧನವೆಂದು ಮೊಮ್ಮಗಳಿಗೆ ಹೇಳಿದ್ದಳಂತೆ. ಇಂಥ ಮಾತುಗಳು ಘಟನೆಯಾದ ಮೇಲೆ ಅಚ್ಚುಕಟ್ಟಾಗಿ ನೆನಪಿಗೆ ಬರುವುದುಂಟು. ಸಂಶೋಧಕನು ಅದನ್ನು ಬೆಂದುರವರ ಹೇಳಿಕೆಯೆಂದು ದಾಖಲಿಸಬೇಕೇ ವಿನಾ ಅದಕ್ಕಿಂತ ಹೆಚ್ಚಿನ ಭಾರವನ್ನು ಅದರ ಮೇಲೆ ಹೇರಬಾರದು. ಹಾಡು ಉಳಿದಿತ್ತೆಂಬುದಂತೂ ನಿಶ್ಚಯ.

ಸಮುದ್ರದ ಆಚೆ ಇದೇ ಹಾಡಿಗೆ ಏನಾಗಿತ್ತು? ಹ್ಯಾರಿಸ್ ನೆಕ್‌ನ ಮನೆಯಲ್ಲಿ ಅದು ಮಕ್ಕಳನ್ನು ನಗಿಸುವ ಹಾಡಾಗಿತ್ತು. ಅಮೀಲಿಯರ ಮಗಳು ಮೇರಿ ಮೊರಾನ್ ಅದನ್ನು ಆಟದ ಹಾಡೆಂದೇ ಕಲಿತಿದ್ದರು. ಅರ್ಥವು ಅಳಿದು ನಾದವು ಮಾತ್ರ ಉಳಿದು, ಆ ನಾದಕ್ಕೆ ಹೊಸ ಜೀವಿತವೊಂದು ಒದಗಿತ್ತು. ಇದನ್ನು ನಷ್ಟವೆಂದು ಮಾತ್ರ ಎಣಿಸುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಅರ್ಥ ತಿಳಿದವರು ಹಾಡನ್ನು ಕಾಲಕ್ಕೆ ತಕ್ಕಂತೆ ಬದಲಿಸುತ್ತಾರೆ, ಮಾತನ್ನು ತಿದ್ದುತ್ತಾರೆ. ಅರ್ಥ ತಿಳಿಯದವರಿಗೆ ತಿದ್ದುವ ದಾರಿಯೇ ಇಲ್ಲ. ಆ ಉಪಭಾಷೆಯ ಶಬ್ದವು ಸವೆಯದೆ ಉಳಿದದ್ದಕ್ಕೆ ಆ ಅಜ್ಞಾನವೂ ಒಂದು ಕಾರಣವಾಗಿರಬೇಕು. ಎರಡು ತೀರಗಳಲ್ಲಿಯೂ ಕಾಪಾಡಿದವರು ಹೆಂಗಸರು, ಕಲಿಸಿದ್ದು ಮನೆಯ ಒಳಗೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಇನ್ನು ಈ ಹಾಡು ಏನನ್ನು ಸಾಧಿಸುತ್ತದೆ, ಏನನ್ನು ಸಾಧಿಸುವುದಿಲ್ಲ ಎಂಬ ಪ್ರಶ್ನೆ. ಇದಕ್ಕೆ ಇನ್ನೊಂದು ನಿದರ್ಶನವನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. 1756ರಲ್ಲಿ 'ಹೇರ್' ಎಂಬ ಹಡಗು ಸಿಯೆರಾ ಲಿಯೋನಿನಿಂದ ಚಾರ್ಲ್‌ಸ್ಟನ್ನಿಗೆ ಬಂದಿತು. ಅದರಲ್ಲಿದ್ದ ಹತ್ತು ವರ್ಷದ ಹುಡುಗಿಯೊಬ್ಬಳನ್ನು ಎಲಿಯಾಸ್ ಬಾಲ್ ಎಂಬ ಜಮೀನುದಾರನು ಕೊಂಡು ಪ್ರಿಸಿಲ್ಲ ಎಂದು ಹೆಸರಿಟ್ಟನು. ಹಡಗಿನ ದಾಖಲೆಯೂ ಬಾಲ್ ಮನೆತನದ ಕಾಗದಪತ್ರಗಳೂ ಒಟ್ಟಿಗೆ ಉಳಿದುಬಂದದ್ದರಿಂದ ಆಕೆಯಿಂದ ಏಳನೆಯ ತಲೆಮಾರಿನವರೆಗೆ ವಂಶಾವಳಿಯನ್ನು ಹೊಂದಿಸಲು ಸಾಧ್ಯವಾಯಿತು. 2005ರಲ್ಲಿ ಆ ವಂಶದ ಹೆಣ್ಣುಮಗಳೊಬ್ಬರು ಸಿಯೆರಾ ಲಿಯೋನಿಗೆ ಹೋಗಿಬಂದರು. ಇಲ್ಲಿ ಹಡಗು ತಿಳಿದಿದೆ, ವರ್ಷ ತಿಳಿದಿದೆ, ಬೆಲೆಯೂ ತಿಳಿದಿದೆ. ಆದರೆ ಆ ಹುಡುಗಿಯನ್ನು ತಾಯಿ ಯಾವ ಹೆಸರಿನಿಂದ ಕರೆದಳು, ಯಾವ ಭಾಷೆಯಲ್ಲಿ ಕರೆದಳು ಎಂಬುದಕ್ಕೆ ಕಾಗದದಲ್ಲಿ ಉತ್ತರವಿಲ್ಲ. ಅಮೀಲಿಯರ ಹಾಡಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಭಾಷೆ ತಿಳಿದಿದೆ, ಸೀಮೆ ತಿಳಿದಿದೆ, ಹಡಗಿಲ್ಲ, ವರ್ಷವಿಲ್ಲ. ಬರೆದ ದಾಖಲೆಯನ್ನು ಪ್ರಮಾಣವೆಂದೂ ಹಾಡನ್ನು ಐತಿಹ್ಯವೆಂದೂ ಮೇಲುಕೀಳು ಮಾಡುವ ನಮ್ಮ ಅಭ್ಯಾಸವು ಇಲ್ಲಿ ನಿಲ್ಲಲಾರದು.

ಹಾಗೆಂದು ಹಾಡಿನಿಂದ ಬಯಸಿದ್ದನ್ನೆಲ್ಲ ಹೊರಡಿಸಬಾರದು. ಬೆಂದು ಮತ್ತು ಮೇರಿಯವರು ರಕ್ತಸಂಬಂಧಿಗಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಹಾಡು ತಾಯಿಯಿಂದ ಮಗಳಿಗೆ ಬರುವಂತೆ ನೆರೆಯವಳಿಂದಲೂ ಬರಬಹುದು. ಮೇರಿಯವರ ಪೂರ್ವಿಕರೆಲ್ಲ ಮೆಂಡೆಯವರೆಂದೂ ಅರ್ಥವಲ್ಲ. ಅಂಥ ಯಾವ ಕುಟುಂಬದ ಬೇರುಗಳೂ ಆಫ್ರಿಕದ ಹಲವು ನಾಡುಗಳಲ್ಲಿ ಹರಡಿರುತ್ತವೆ. ಹಾಡು ಹೇಳುವುದು ಇಷ್ಟು: ಆ ದಕ್ಷಿಣ ಸೀಮೆಯ ಮಾತನಾಡುತ್ತಿದ್ದ ಒಬ್ಬ ಹೆಂಗಸು ಜಾರ್ಜಿಯದ ಕರಾವಳಿಯಲ್ಲಿ ಹಾಡಿದಳು, ಮತ್ತು ಕೇಳಿಸಿಕೊಂಡ ಒಂದು ಮಗು ಅದನ್ನು ಮರೆಯಲಿಲ್ಲ.

ಈ ಸಂದರ್ಭದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಜನರ ನೆನಪಾಗುವುದು ಸಹಜ. ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡಗಳ ಕಾಡಿನ ಅಂಚಿನಲ್ಲಿ ನೆಲಸಿರುವ ಇವರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಗೋವೆಯ ಮೂಲಕ ಬಂದವರು. ಇವರ ಮನೆಮಾತು ಇಂದು ಕೊಂಕಣಿ, ಮರಾಠಿ, ಉರ್ದು, ಕನ್ನಡಗಳಿಂದ ಕೂಡಿದ್ದು. ಹಿಂದೂ, ಮುಸ್ಲಿಮ್, ಕ್ರೈಸ್ತ ಎಂದು ಮೂರು ಮತಗಳಲ್ಲಿ ಹಂಚಿಹೋಗಿದ್ದರೂ ಡಮಾಮಿಯ ಬಡಿತಕ್ಕೆ ಒಂದಾಗಿ ಕುಣಿಯುತ್ತಾರೆ. 2003ರಲ್ಲಿ ಇವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಇವರ ಹಾಡುಗಳನ್ನು ಸಂಗ್ರಹಿಸುವವರು ಅರ್ಥವಾಗುವ ಸಾಲುಗಳನ್ನು ಬರೆದುಕೊಂಡು, ಅರ್ಥವಾಗದ ಪಲ್ಲವಿಯನ್ನು ಬರಿಯ ಸೊಲ್ಲೆಂದು ಬಿಟ್ಟುಬಿಡಬಾರದೆಂಬುದಷ್ಟೇ ನಮ್ಮ ವಿನಂತಿ.

ಮತ್ತೆ ಜಾರ್ಜಿಯಕ್ಕೆ ಬರೋಣ. ಹಿಂದಿರುಗುವ ಆಸೆಯು ಅಲ್ಲಿಯ ಬಾಯಿಮಾತಿನಲ್ಲಿ ಬೇರೊಂದು ರೂಪವನ್ನೂ ತಳೆದಿತ್ತು. 1803ರಲ್ಲಿ ಸೇಂಟ್ ಸೈಮನ್ಸ್ ದ್ವೀಪದ ಬಳಿ ಸೆರೆಯಾಳುಗಳಾಗಿ ತಂದಿದ್ದ ಇಗ್ಬೊ ಜನರು ತಿರುಗಿಬಿದ್ದು, ಗುಲಾಮರಾಗಲೊಪ್ಪದೆ ನೀರಿಗೆ ನಡೆದುಹೋದರು, ಹಲವರು ಮುಳುಗಿದರು. ಕರಾವಳಿಯ ಜನರ ಕಥೆಗಳಲ್ಲಿ ಅಂಥವರು ಮುಳುಗಲಿಲ್ಲ, ನೀರಿನ ಮೇಲೆ ನಡೆದೋ ರೆಕ್ಕೆ ಬಂದು ಹಾರಿಯೋ ಆಫ್ರಿಕಕ್ಕೆ ಹೋದರು. 1940ರಲ್ಲಿ ಪ್ರಕಟವಾದ, ಜಾರ್ಜಿಯದ ಸರ್ಕಾರಿ ಲೇಖಕರ ಯೋಜನೆಯ ಸಂಗ್ರಹದಲ್ಲಿ ಹಾರಿಹೋದವರ ಇಂಥ ಕಥೆಗಳು ಮತ್ತೆ ಮತ್ತೆ ಬರುತ್ತವೆ. ಸತ್ತವರು ನೀರು ದಾಟುತ್ತಾರೆಂಬ ಮೆಂಡೆ ನಂಬಿಕೆಯೂ, ನೀರಿಗಿಳಿದವರು ಮನೆ ಸೇರಿದರೆಂಬ ಈ ಕಥೆಯೂ ಬೇರೆ ಬೇರೆ ಜನರವು. ಒಂದರಿಂದ ಇನ್ನೊಂದು ಹುಟ್ಟಿತೆನ್ನಲಾಗದು. ಆದರೆ ಗುಲಾಮನಿಗೆ ಜೀವಂತವಾಗಿ ಹಿಂದಿರುಗುವ ದಾರಿ ಮುಚ್ಚಿದ್ದಲ್ಲಿ ಸಾವೇ ದಾರಿಯಾಗುವುದನ್ನು ಎರಡರಲ್ಲಿಯೂ ಕಾಣುತ್ತೇವೆ.

ಜೀವಂತವಾಗಿ ಹೋಗುವ ಸಂದರ್ಭವು ಬಹಳ ತಡವಾಗಿ ಒದಗಿತು. 1988ರಲ್ಲಿ ಸಿಯೆರಾ ಲಿಯೋನಿನ ಅಧ್ಯಕ್ಷ ಜೋಸೆಫ್ ಮೊಮೊ ಗಲ್ಲಾ ಜನರನ್ನು ಅವರ ಊರಿಗೇ ಬಂದು ಕಂಡರು. 1989ರಲ್ಲಿ ಗಲ್ಲಾ ತಂಡವೊಂದು ಅಲ್ಲಿಗೆ ಹೋಯಿತು. ಹಾಡಿನ ಮೂಲ ಸಿಕ್ಕಿದ ಮೇಲೆ ಮೇರಿ ಮೊರಾನರ ಪಯಣಕ್ಕೆ ಸಿದ್ಧತೆಗಳಾಗುತ್ತಿದ್ದಂತೆಯೇ 1991ರಲ್ಲಿ ಸಿಯೆರಾ ಲಿಯೋನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅವರು ಸೆನೆಹುನ್ ಎನ್ಗೋಲವನ್ನು ಮುಟ್ಟಿದ್ದು 1997ರಲ್ಲಿ, ಯುದ್ಧದ ನಡುವೆ ದೊರೆತ ಅಲ್ಪ ಬಿಡುವಿನಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಸೈನಿಕ ದಂಗೆಯಾಗಿ ದಾರಿ ಮತ್ತೆ ಮುಚ್ಚಿತು. 1998ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ಇಬ್ಬರು ಹೆಂಗಸರೂ ಎದುರುಬದುರಾಗಿ ಹಾಡುವುದನ್ನು ನೋಡಬಹುದು. ಒಬ್ಬರಿಗೆ ಅದು ಸಾವಿನ ಹಾಡು, ಇನ್ನೊಬ್ಬರಿಗೆ ತಾಯಿಯ ಮಡಿಲಿನದು.

ಹ್ಯಾರಿಸ್ ನೆಕ್‌ನ ವಿಷಯವೊಂದು ಉಳಿಯಿತು. ಅಂತರ್ಯುದ್ಧಾನಂತರ, ಎಂದರೆ ಅಮೆರಿಕದಲ್ಲಿ ಗುಲಾಮಗಿರಿ ಅಳಿದ ಮೇಲೆ, ಅಲ್ಲಿಯ ಕರಿಯ ಕುಟುಂಬಗಳು ಸ್ವಂತ ನೆಲ ಮಾಡಿಕೊಂಡು ಮೀನು, ಸಿಂಪಿ, ಬೇಸಾಯಗಳಿಂದ ಬದುಕುತ್ತಿದ್ದುವು. 1942ರಲ್ಲಿ ಸಂಯುಕ್ತ ಸಂಸ್ಥಾನದ ಸರ್ಕಾರವು ಸೈನ್ಯದ ವಿಮಾನ ನಿಲ್ದಾಣಕ್ಕೆಂದು ಸುಮಾರು 2,600 ಎಕರೆ ನೆಲವನ್ನು ವಶಪಡಿಸಿಕೊಂಡು ಅವರನ್ನು ಎಬ್ಬಿಸಿತು. ಯುದ್ಧ ಮುಗಿದ ಮೇಲೂ ನೆಲ ಅವರಿಗೆ ಮರಳಲಿಲ್ಲ. 1962ರಲ್ಲಿ ಅದು ಪಕ್ಷಿಗಳ ಆಶ್ರಯಕ್ಕೆ ಮೀಸಲಾಯಿತು. 1979ರಲ್ಲಿ ಆ ನೆಲದ ಮೇಲೆ ಬಿಡಾರ ಹೂಡಿದ ವಂಶಸ್ಥರಲ್ಲಿ ಕೆಲವರು ಸೆರೆಮನೆಗೆ ಹೋದರು. ನ್ಯಾಯಾಲಯವು ಅವರ ಹಕ್ಕನ್ನು ಒಪ್ಪಲಿಲ್ಲ. ಟರ್ನರರು ಯಂತ್ರವನ್ನು ಇಟ್ಟು ಅಮೀಲಿಯರ ಹಾಡನ್ನು ಹಿಡಿದ ಹಳ್ಳಿಯ ಜಾಗದಲ್ಲಿ ಈಗ ಮನೆಗಳಿಲ್ಲ. ಮೇರಿ ಮೊರಾನರು ಸಾಗರವನ್ನು ದಾಟಿ ಸೆನೆಹುನ್ ಎನ್ಗೋಲಕ್ಕೆ ಹೋಗಿಬರುವುದು ಸಾಧ್ಯವಾಯಿತು. ತಾಯಿಯ ಹಳ್ಳಿಗೆ ಮಾತ್ರ, ಕೆಲವೇ ಮೈಲಿಗಳ ಆಚೆ ಮನೆಮಾಡಿಕೊಂಡು, ಪಕ್ಷಿಗಳನ್ನು ನೋಡಲು ಬರುವವರಂತೆ ಹೋಗಿಬರಬೇಕಾಗಿತ್ತು.