ಯಾವ ಕಡೆಯೋರು?

2008ರಲ್ಲಿ ಬಿ.ಇ. ಮುಗಿಸಿ, ತಿಪಟೂರಿಂದ ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿಗೆ ಬಂದೆ. ಜೊತೆಗೆ ಅಪ್ಪ. ಸಿಟಿ ಸ್ಟೇಷನ್ನಿಂದ ಹೊರಗೆ ಬಂದು ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಕಡೆ ಒಂದು ಗಳಿಗೆ ನೋಡಿದ ಅಪ್ಪ, "ಇದು ಕೆರೆ ಅಂಗಳ ಕಣ್ಲಾ. ನೋಡು, ರೋಡೆಲ್ಲಾ ಇಲ್ಲಿಗೇ ಇಳೀತವೆ" ಅಂದರು. ನನಗೆ ನಗು ಬಂತು. ಇಲ್ಲೂ ಕೆರೆ, ಗದ್ದೆ ಹುಡುಕ್ತಾರಲ್ಲ ಅಂತ.

ಅಪ್ಪ ಹೇಳಿದ್ದು ನಿಜ ಅಂತ ಗೊತ್ತಾಗೋಕೆ ನನಗೆ ಎರಡು ವರ್ಷ ಬೇಕಾಯ್ತು. ಅದು ಧರ್ಮಾಂಬುಧಿ ಕೆರೆ. ಒಂದು ಕಾಲಕ್ಕೆ ಪೇಟೆಗೆ ನೀರು ಕೊಡ್ತಿತ್ತು. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆ ನೀರು ಬಂತು, ಕೆರೆಯ ಅಗತ್ಯ ಕಡಿಮೆಯಾಯ್ತು, ಕೇಳೋರಿಲ್ಲದೆ ಒಣಗಿತು. ಆಮೇಲೆ ಸುಭಾಷ್ ನಗರ ಮೈದಾನ, ಅದಾದ ಮೇಲೆ ಬಸ್ ನಿಲ್ದಾಣ. ಅಲ್ಲೇ ಪಕ್ಕದ ಒಂದು ರಸ್ತೆಯ ಹೆಸರು ಇವತ್ತಿಗೂ ಟ್ಯಾಂಕ್ ಬಂಡ್ ರೋಡ್, ಅಂದ್ರೆ ಕೆರೆ ಏರಿ. ದಿನಾ ಆ ಬೋರ್ಡ್ ಓದ್ತಿದ್ದೆ, ತಲೆಗೆ ಹೋಗಿರಲಿಲ್ಲ.

ಆ ರಾತ್ರಿ ನಾವು ತಂಗಿದ್ದು ಸ್ಟೇಷನ್ ಎದುರಿನ ತೋಟದಪ್ಪನ ಛತ್ರದಲ್ಲಿ. ಲಾಡ್ಜಿಗೆ ಹೋಗೋಣ ಅಂದ್ರೆ ಅಪ್ಪ ಕೇಳಲಿಲ್ಲ. ನಮ್ಮ ರೈಲು ಗುಬ್ಬಿ ದಾಟಿ ತಾನೆ ಬಂದಿದ್ದು? ಆ ಗುಬ್ಬಿಯ ತೋಟದಪ್ಪನವರು ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ದುಡಿದವರು. ರೈಲಿಳಿದವರಿಗೆ ತಲೆ ಮೇಲೊಂದು ಸೂರಿರಲಿ ಅಂತ ಕಟ್ಟಿಸಿದ ಛತ್ರ 1903ರಲ್ಲಿ ಶುರುವಾಯ್ತು. ಎರಡು ವರ್ಷದ ಮೇಲೆ ಓದೋ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ ಮಾಡಿದರು. 1910ರಲ್ಲಿ ತೀರಿಕೊಂಡರು.

ಈ ವಿದ್ಯಾರ್ಥಿನಿಲಯಕ್ಕೆ ಎಷ್ಟು ತೂಕ ಅಂತ ತಿಳೀಬೇಕಾದ್ರೆ, ಅದಿಲ್ಲದಿದ್ದಾಗ ಹಳ್ಳಿ ಹುಡುಗ ಪಟ್ಟಣದಲ್ಲಿ ಹೇಗೆ ಓದ್ತಿದ್ದ ಅಂತ ನೋಡಬೇಕು. ನಮ್ಮ ಇಂಜಿನಿಯರುಗಳ ಕುಲದೇವರು ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದಲ್ಲಿ ಓದಿ ಬೆಂಗಳೂರಿಗೆ ಬಂದರು, ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮಾಡಿದರು. ಇಂಜಿನಿಯರ್ಸ್ ಡೇ ದಿನ ಕಾಲೇಜಲ್ಲಿ ಈ ಕಥೆ ಎಷ್ಟು ಸಲ ಕೇಳಿದೀವೋ! ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನ ಅಂತಲೂ ಒಂದಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯ ಊಟ. ಸುಲಭದ ಬದುಕೇನಲ್ಲ, ಅವಮಾನವೂ ಇತ್ತು. ಆದರೆ ಹೊಟ್ಟೆ ತುಂಬ್ತಿತ್ತು. ಬೇರೆ ಜಾತಿಯ ರೈತನ ಮಗನಿಗೆ, ಕುರುಬರ ಹುಡುಗನಿಗೆ ಆ ಏಳು ಬಾಗಿಲೂ ಇರಲಿಲ್ಲ. ನೆಂಟರಿಲ್ಲದಿದ್ರೆ ಓದೂ ಇಲ್ಲ.

ಹಾಗಾಗಿಯೇ ಜಾತಿಗೊಂದು ಹಾಸ್ಟೆಲ್ ಹುಟ್ಟಿದ್ದು. ಒಕ್ಕಲಿಗರ ಸಂಘ ಶುರುವಾಗಿದ್ದು 1906ರಲ್ಲಿ. ಒಂದೊಂದೇ ಸಮುದಾಯ ದುಡ್ಡು ಕೂಡಿಸಿ ತನ್ನ ಹುಡುಗರಿಗೆ ಮುದ್ದೆ, ಸಾರು, ಮಲಗೋಕೆ ಜಾಗ ಮಾಡಿತು. ದಲಿತ ಮಕ್ಕಳ ಹಾಸ್ಟೆಲ್ಲಿಗಾಗಿ ಗೋಪಾಲಸ್ವಾಮಿ ಅಯ್ಯರ್ ಓಡಾಡಿದರು. ಅವರು ಆ ಜಾತಿಯವರಲ್ಲ ಅನ್ನೋದು ಇಲ್ಲಿ ಮುಖ್ಯ.

ಓದಿದ ಮೇಲೆ ಕೆಲಸದ ಪ್ರಶ್ನೆ ಬಂತು. ಮೈಸೂರು ಸರ್ಕಾರದ ಕಚೇರಿಗಳಲ್ಲಿ ಹೆಚ್ಚಿನ ಕುರ್ಚಿಗಳು ಬ್ರಾಹ್ಮಣರವು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಉಳಿದವರಿಗೆ ಸಿಗಬೇಕು ಅಂತ ಸಮಿತಿ ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅರ್ಹತೆ, ದಕ್ಷತೆ ಕೆಡುತ್ತೆ ಅನ್ನೋದು ಅವರ ವಾದ. ಅದೇ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. 1917ರಲ್ಲಿ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು ಕೊಟ್ಟವರೂ ಅವರೇ. ಅವರ ಫೋಟೋಗೆ ನಾನೂ ಹಾರ ಹಾಕಿದೀನಿ, ಇನ್ನೂ ಹಾಕ್ತೀನಿ. ಆದರೆ ಈ ಅರ್ಧ ಕಥೆಯನ್ನ ನಮಗೆ ಯಾವ ಸೆಪ್ಟೆಂಬರ್ ಹದಿನೈದರಂದೂ ಯಾರೂ ಹೇಳಲಿಲ್ಲ.

ನನ್ನ ಚಿಕ್ಕಪ್ಪ ಎಪ್ಪತ್ತರ ದಶಕದಲ್ಲಿ ಇಂಥದ್ದೇ ಒಂದು ಹಾಸ್ಟೆಲ್ಲಲ್ಲಿ ಓದಿದವರು. ಅವರ ಹಾಸ್ಟೆಲ್ ಗೆಳೆಯರೊಬ್ಬರ ಕಡೆಯಿಂದಲೇ ನನಗೆ ರಾಜಾಜಿನಗರದಲ್ಲಿ ಮನೆ ಗೊತ್ತಾಗಿದ್ದು. ಮಹಡಿ ಮೇಲೆ ಒಂದು ರೂಮು, ಸಣ್ಣ ಅಡಿಗೆಮನೆ. ನೋಡೋಕೆ ಹೋದಾಗ ಜೊತೆಗೆ ಕಲಬುರ್ಗಿ ಕಡೆಯ ಗೆಳೆಯ ಇದ್ದ. ಇಬ್ಬರದ್ದೂ ಒಂದೇ ಕಾಲೇಜು, ಒಂದೇ ಕಂಪನಿ. ಓನರ್ ಆಂಟಿ ಕಾಫಿ ಕೊಟ್ಟು ಕೇಳಿದರು, "ನೀವು ಯಾವ ಕಡೆಯೋರು?" ನಾನು ತಿಪಟೂರು ಅಂದೆ. "ಊರಲ್ಲಪ್ಪಾ..." ಅಂದರು. ಹೇಳಿದೆ. ಅವರ ಮುಖ ಅರಳಿತು. ಅವನೂ ಹೇಳಿದ.

ಸಂಜೆ ಫೋನ್ ಬಂತು. "ನೀನೊಬ್ಬನೇ ಆದ್ರೆ ಬಾರಪ್ಪ."

ಕೈಯಲ್ಲಿದ್ದಿದ್ದು ಎಂಟು ಸಾವಿರ. ಕಂಪನಿ ಸೇರೋ ದಿನ ಮುಂದಕ್ಕೆ ಹೋಗ್ತಾನೇ ಇತ್ತು. ನಾನು ಅಡ್ವಾನ್ಸ್ ಕೊಟ್ಟೆ. ಅವನಿಗೆ ಏನೋ ಸುಳ್ಳು ಹೇಳಿದೆ, ಅವನು ನಂಬಿದವನ ಹಾಗೆ ಇದ್ದ. ಒಂದು ಪೀಜಿ ಹುಡುಕಿಕೊಂಡ. ಅಲ್ಲಿ ಆ ಪ್ರಶ್ನೆ ಕೇಳೋರು ಇರಲಿಲ್ಲ, ದುಡ್ಡು ಕೊಟ್ರೆ ಸಾಕಿತ್ತು. ಪೀಜಿಯ ಸಾರನ್ನ ಎಷ್ಟು ಬೇಕಾದ್ರೂ ಬಯ್ಯಿರಿ, ಈ ಒಂದು ಗುಣ ಮರೀಬೇಡಿ.

ಹೋದ ವರ್ಷ ಅವನ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಂಡ. ಹೋಳಿಗೆ ಮೇಲೆ ತುಪ್ಪ ಹಾಕಿಸ್ತಾ, "ಆ ರಾಜಾಜಿನಗರದ ರೂಮಿಗೆ ಗಾಳಿ ಬೆಳಕು ಚೆನ್ನಾಗಿತ್ತೇನಲೇ?" ಅಂತ ಕೇಳಿದ. ಚೆನ್ನಾಗಿತ್ತು ಅಂದೆ.