ಕಲ್ಲಿನೊಳಗೆ ಬಂದ ಊರವರು

ಶಿರಾಳಕೊಪ್ಪದ ಸುತ್ತಮುತ್ತಲಿನ ಮಳವಳ್ಳಿ, ತಾಳಗುಂದ, ಬಳ್ಳಿಗಾವಿ ಮೂರೂ ಶಿಕಾರಿಪುರ ತಾಲ್ಲೂಕಿನ ಊರುಗಳು. ಪಕ್ಕಕ್ಕೇ ಸೊರಬ. ಇಂದು ಇವು ಭತ್ತ, ಮೆಕ್ಕೆಜೋಳ, ಅಡಿಕೆ ನಂಬಿ ಬದುಕುವ ಸಣ್ಣ ಊರುಗಳು. ಇವುಗಳ ಚರಿತ್ರೆ ಎಂದರೆ ಕದಂಬರ, ಚಾಲುಕ್ಯರ ಚರಿತ್ರೆ ಎಂದೇ ನಾವು ಶಾಲೆಯಲ್ಲಿ ಓದಿದ್ದೇವೆ. ಆದರೆ ಇಲ್ಲಿನ ಕಲ್ಲುಗಳನ್ನು ಕಾಲಕ್ರಮದಲ್ಲಿ ಓದುತ್ತ ಹೋದರೆ ಬೇರೆಯೇ ಪ್ರಶ್ನೆ ಏಳುತ್ತದೆ: ಈ ಊರುಗಳಲ್ಲಿ ಉತ್ತು ಬಿತ್ತಿ ಬದುಕಿದವರು ಕಲ್ಲಿನೊಳಗೆ ಬಂದದ್ದು ಯಾವಾಗ?

ಮೊದಲು ಮಳವಳ್ಳಿಯ ಕಂಬ. ಇದರ ಮೇಲೆ ಎರಡು ಶಾಸನಗಳಿವೆ, ಎರಡೂ ಪ್ರಾಕೃತದಲ್ಲಿವೆ. ಒಂದು ಚುಟು ಕುಲದ ಸಾತಕರ್ಣಿಯದು, ಇನ್ನೊಂದು ಅವನ ನಂತರ ಬಂದ ಕದಂಬ ಅರಸನದು. ಮೊದಲು ಕೊಟ್ಟ ದತ್ತಿ ನಿಂತುಹೋಗಿತ್ತು, ಅದನ್ನು ಮತ್ತೆ ಕೊಟ್ಟಿದ್ದೇನೆ ಎನ್ನುತ್ತದೆ ಎರಡನೆಯ ಶಾಸನ. ಅರಸೊತ್ತಿಗೆ ಬದಲಾಯಿತು, ಕಂಬ ಮಾತ್ರ ಅದೇ. ದಾನವಾಗಿ ಕೊಟ್ಟ ಹಳ್ಳಿಗಳ ಪಟ್ಟಿ ಇದರಲ್ಲಿದೆ. ಅವುಗಳಲ್ಲಿ ಒಂದರ ಹೆಸರು ವೇಗೂರ. ಪ್ರಾಕೃತದ ನಡುವೆ ‘ಊರು’ ಎಂಬ ನಮ್ಮ ಮಾತು ಹೀಗೆ ಇಣುಕುತ್ತದೆ. ಹಳ್ಳಿಗೆ ಹೆಸರಿದೆ, ಹಳ್ಳಿಯವರಿಗಿಲ್ಲ. ಈ ಕಂಬದಲ್ಲಿ ಊರು ಎಂದರೆ ಒಬ್ಬ ಇನ್ನೊಬ್ಬನಿಗೆ ಕೊಡುವ ವಸ್ತು.

ಮುಂದೆ ತಾಳಗುಂದ. ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಶಾಸನ ಸಂಸ್ಕೃತದಲ್ಲಿದೆ. ಸಾಲುಗಳು ಅಡ್ಡಕ್ಕಿಲ್ಲ. ಕೆಳಗಿನಿಂದ ಮೇಲಕ್ಕೆ ಏರುತ್ತವೆ, ಓದುವವರು ತಲೆ ವಾಲಿಸಬೇಕು. ವೇದಾಧ್ಯಯನಕ್ಕೆಂದು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದ ಮಯೂರಶರ್ಮ, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆ ನಮಗೆ ತಿಳಿದಿರುವುದು ಈ ಕಲ್ಲಿನಿಂದಲೇ. ಇದನ್ನು ಬರೆದ ಕವಿ ಕುಬ್ಜ, ಕಾಲ ಶಾಂತಿವರ್ಮನದು. ಆದರೆ ಇಷ್ಟೆಲ್ಲ ಪ್ರಶಸ್ತಿಗೆ ನೆಪವಾದದ್ದು ಒಂದು ಕೆರೆ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ದೇವಾಲಯದ ಬಳಿ ಕಟ್ಟಿಸಿದ ಕೆರೆಯದು. ಅರಸರ ವಂಶಾವಳಿಯನ್ನು ನಾವು ನೆನಪಿಟ್ಟುಕೊಂಡೆವು, ಕೆರೆಯನ್ನು ಮರೆತೆವು. ಅದರ ಮಣ್ಣು ಹೊತ್ತವರನ್ನಂತೂ ಕುಬ್ಜನೂ ಹೆಸರಿಸಲಿಲ್ಲ.

ಇದೇ ದೇವಾಲಯದ ಆವರಣದಲ್ಲಿ 2013ರ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಸಣ್ಣ ಶಾಸನವೊಂದು ಸಿಕ್ಕಿತು. ಅದರಲ್ಲಿ ಕನ್ನಡವಿದೆ. ಕಾಲ ಕ್ರಿ.ಶ. 370ರ ಸುಮಾರು, ಹಾಗಾಗಿ ಹಲ್ಮಿಡಿಗಿಂತ ಹಳೆಯದು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಯಾವುದು ಮೊದಲು ಎಂಬ ಚರ್ಚೆ ನಡೆಯಲಿ. ಪ್ರಾಕೃತ, ಸಂಸ್ಕೃತಗಳ ಪಕ್ಕದಲ್ಲಿ ಊರಿನ ನುಡಿಯೂ ಕಲ್ಲನ್ನು ಏರತೊಡಗಿತ್ತು ಎಂಬುದು ನನಗೆ ಅದಕ್ಕಿಂತ ದೊಡ್ಡ ಸಂಗತಿ.

ಕನ್ನಡ ಕಲ್ಲಿಗೆ ಬಂದ ಮೇಲೆ ಅದರ ಹಿಂದೆಯೇ ಜನರೂ ಬಂದರು. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ವ್ಯಾಕರಣ, ವೇದ, ದರ್ಶನಗಳ ಪಾಠದ ವಿಷಯ ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರಿಗೆ ಅನ್ನವನ್ನೂ ರೋಗಿಗಳಿಗೆ ಮದ್ದನ್ನೂ ಕೊಡುವ ಜಾಗವಿದು ಎನ್ನುತ್ತದೆ. ಹಸಿದವರು ಇಲ್ಲಿ ಶಾಸನದ ಪಾತ್ರಗಳಾದರು, ಹೆಸರು ಇನ್ನೂ ಸಿಕ್ಕಿರಲಿಲ್ಲ ಅಷ್ಟೇ.

ಹೆಸರು ಕೊಟ್ಟದ್ದು ವೀರಗಲ್ಲುಗಳು. ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಇವು ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ. ತುರುಗೊಳ್‌ನಲ್ಲಿ ದನ ಬಿಡಿಸಲು ಹೋದವನು, ಊರಳಿವಿನಲ್ಲಿ ಊರಿಗಾಗಿ ನಿಂತವನು, ಹೆಣ್ಣಿನ ಮಾನ ಕಾಯಲು ಹೋರಾಡಿದವನು. ಅರಸನ ಹೆಸರು, ವರ್ಷ ಎಲ್ಲ ಬಂದ ಮೇಲೆ ಸತ್ತವನ ಹೆಸರು, ಅವನ ಅಪ್ಪನ ಹೆಸರು. ಸೊರಬದ ಉದ್ರಿಯ ನಿಸಿದಿಗಲ್ಲುಗಳು ಸಲ್ಲೇಖನ ಕೈಗೊಂಡು ಪ್ರಾಣ ಬಿಟ್ಟವರನ್ನು ಹೀಗೆಯೇ ನೆನಪಿಡುತ್ತವೆ. ಇಲ್ಲಿ ಅರಸ ತೇದಿ ಹೇಳುವುದಕ್ಕೆ ಬಂದವನು, ಕಥೆ ಊರವನದು.

ಹಾಗೆಂದು ಇದನ್ನು ಬರೀ ಹೆಮ್ಮೆಯ ಕಥೆ ಮಾಡಬೇಕಿಲ್ಲ. ವೀರಗಲ್ಲುಗಳಿರುವಷ್ಟು ದೂರಕ್ಕೂ ದನ ಕಳೆದುಕೊಂಡ, ಮನೆ ಸುಟ್ಟುಹೋದ ಊರುಗಳಿವೆ. ಊರವನಿಗೆ ಕಲ್ಲಿನಲ್ಲಿ ಹೆಸರು ಸಿಕ್ಕಿದ್ದು ಹೆಚ್ಚಾಗಿ ಸತ್ತ ಮೇಲೆ. ಉತ್ತವನಿಗೆ, ಕಳೆ ಕಿತ್ತವಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಬಿ.ಎಲ್. ರೈಸ್ ಈ ಭಾಗದ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ 7 ಮತ್ತು 8ನೇ ಸಂಪುಟಗಳಲ್ಲಿ 1902, 1904ರಲ್ಲಿ ಪ್ರಕಟಿಸಿದರು. ಪುಸ್ತಕದಲ್ಲಿ ಪಾಠ ಉಳಿಯಿತು. ಕಲ್ಲುಗಳ ಪಾಡು ಬೇರೆ. ತಾಳಗುಂದದ ಕಂಬಕ್ಕೆ ಸರ್ಕಾರದ ಕಾವಲಿದೆ. ಹೊಲದ ಬದುವಿನಲ್ಲಿ ಒರಗಿರುವ, ಕೆರೆ ಏರಿಯಲ್ಲಿ ಅರ್ಧ ಹೂತಿರುವ ವೀರಗಲ್ಲಿಗೆ ಏನಿದೆ? ಅರಸನ ಕಲ್ಲು ಒಡೆದರೆ ಅವನ ಹೆಸರು ಇನ್ನೂ ಹತ್ತು ಕಲ್ಲುಗಳಲ್ಲಿ ಸಿಗುತ್ತದೆ. ಊರವನ ಹೆಸರು ಇರುವುದು ಆ ಒಂದರಲ್ಲಿ ಮಾತ್ರ.

ನಿಮ್ಮೂರಿನ ಗುಡಿಯ ಹಿಂದೆಯೂ ಅಂಥದ್ದೊಂದು ಕಲ್ಲು ಇರಬಹುದು. ಮುಂದಿನ ಸಲ ಹೋದಾಗ ಅದರ ಮೇಲಿನ ಹಾವಸೆ ಕೆರೆಯದೆ, ಸುಣ್ಣ ಬಳಿಯದೆ, ಸಂಜೆಯ ಓರೆ ಬೆಳಕಿನಲ್ಲಿ ಒಂದು ಫೋಟೋ ತೆಗೆಯಿರಿ. ಅಕ್ಷರ ಕಂಡರೆ ಓದಬಲ್ಲವರಿಗೆ ತೋರಿಸಿ. ಎಂಟುನೂರು ವರ್ಷದಿಂದ ಒಬ್ಬ ತನ್ನ ಹೆಸರು ಹೇಳುತ್ತ ಅಲ್ಲಿ ನಿಂತಿರಬಹುದು.